ಪಾಲಿಕೆಯ ಒಡೆತನದಲ್ಲಿ ಗಾಲ್ಫ್ ಮೈದಾನ: ಹಣ ಹೊಂದಿಸುವುದರಿಂದ ದಿನನಿತ್ಯದ ನಿರ್ವಹಣೆಯವರೆಗೆ, ದಾವಣಗೆರೆಗೊಂದು ಸಮಗ್ರ ಮಾರ್ಗದರ್ಶಿ

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಆರಂಭವಾಯಿತು. ಮೈಸೂರು, ಚಿಕ್ಕಮಗಳೂರು, ಕೊಡಗು ಮತ್ತು ಕೋಲಾರದ ಚಿನ್ನದ ಗಣಿ ಪ್ರದೇಶಗಳಲ್ಲಿಯೂ ಮೈದಾನಗಳಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಸದಸ್ಯತ್ವದ ಕ್ಲಬ್‌ಗಳು, ಉಳಿದವು ಖಾಸಗಿ ರೆಸಾರ್ಟ್‌ಗಳಿಗೆ ಸೇರಿದವು. ಊರಿನ ಸ್ಥಳೀಯ ಸಂಸ್ಥೆಯೇ ಒಡೆತನ ಇಟ್ಟುಕೊಂಡು, ಟಿಕೆಟ್ ಪಡೆದ ಯಾರಿಗಾದರೂ ಆಡಲು ಅವಕಾಶ ಕೊಡುವ ಮೈದಾನವೇ ಬೇರೆ ಬಗೆಯದು. ದೆಹಲಿಯ ಲಾಡೋ ಸರಾಯ್‌ನಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ 2000ದಲ್ಲಿ ತೆರೆದ ಕುತುಬ್ ಗಾಲ್ಫ್ ಕೋರ್ಸ್ ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನ. ಅಮೆರಿಕದ ಸ್ಯಾನ್ ಡಿಯಾಗೋ ನಗರಾಡಳಿತದ ಒಡೆತನದಲ್ಲಿರುವ ಟೋರಿ ಪೈನ್ಸ್ ಮೈದಾನದಲ್ಲಿ 2008 ಮತ್ತು 2021ರಲ್ಲಿ ಯು.ಎಸ್. ಓಪನ್ ಪಂದ್ಯಾವಳಿ ನಡೆದಿದೆ. ಅದೇ ಹುಲ್ಲಿನ ಮೇಲೆ ಆ ಊರಿನ ನಿವಾಸಿ ರಿಯಾಯಿತಿ ದರದಲ್ಲಿ ಆಡುತ್ತಾನೆ.

ದಾವಣಗೆರೆಯಂಥ ನಗರ ಇಂತಹ ಮೈದಾನವನ್ನು ಮಾಡಬೇಕೆಂದು ಹೊರಟರೆ ಯಾವ ಕೆಲಸವನ್ನು ಯಾವ ಅನುಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಅನುಕ್ರಮಕ್ಕೆ ನಾನು ಹೆಚ್ಚಿನ ಒತ್ತು ಕೊಡಲು ಕಾರಣವಿದೆ. ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಮೊದಲು ಅನುದಾನ ಹುಡುಕಿ, ಆಮೇಲೆ ಕಟ್ಟಿ, ಉದ್ಘಾಟನೆಯೂ ಆದ ನಂತರ ನಿರ್ವಹಣೆಯ ಯೋಚನೆ ಮಾಡುವುದು ರೂಢಿಯಾಗಿದೆ. ಗಾಲ್ಫ್ ಮೈದಾನದ ಮಟ್ಟಿಗೆ ಈ ರೂಢಿ ಅತ್ಯಂತ ಅಪಾಯಕಾರಿ, ಏಕೆಂದರೆ ಕಟ್ಟಡವೊಂದು ನಿರ್ವಹಣೆಯಿಲ್ಲದೆ ಐದು ವರ್ಷ ನಿಂತೀತು, ಆದರೆ ಗ್ರೀನ್ ಎಂದು ಕರೆಯುವ, ಚೆಂಡನ್ನು ಬೀಳಿಸಬೇಕಾದ ಗುಳಿ ಇರುವ ಜಾಗದ ಹುಲ್ಲು ಒಂದು ಬೇಸಿಗೆಯಲ್ಲಿ ಹದಿನೈದು ದಿನ ನೀರಿಲ್ಲದಿದ್ದರೆ ಸತ್ತುಹೋಗುತ್ತದೆ. ಆದ್ದರಿಂದ ಪ್ರತಿ ವರ್ಷದ ಖರ್ಚಿಗೆ ದಾರಿ ಕಂಡ ನಂತರವೇ ಬಂಡವಾಳದ ಮಾತನ್ನು ಎತ್ತಬೇಕು.

ಮೈದಾನ ಎಷ್ಟು ದೊಡ್ಡದಿರಬೇಕು

ಹದಿನೆಂಟು ಗುಳಿಗಳ ಪೂರ್ಣಪ್ರಮಾಣದ ಮೈದಾನಕ್ಕೆ 100ರಿಂದ 150 ಎಕರೆ ಬೇಕಾಗುತ್ತದೆ. ಒಂಬತ್ತು ಗುಳಿಗಳ ಸಾಮಾನ್ಯ ಮೈದಾನಕ್ಕೂ 50 ಎಕರೆಯ ಆಸುಪಾಸು ಬೇಕು. ಇವೆರಡೂ ದಾವಣಗೆರೆಗೆ ಅಥವಾ ಚಿತ್ರದುರ್ಗಕ್ಕೆ ಸರಿಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಷ್ಟು ಭೂಮಿಯನ್ನು, ಅದಕ್ಕೆ ಬೇಕಾದ ನೀರನ್ನು ಇನ್ನೂ ಆಟಗಾರರೇ ಇಲ್ಲದ ಕ್ರೀಡೆಗೆ ಮೀಸಲಿಡುವುದನ್ನು ಯಾವ ಪಾಲಿಕೆ ಸದಸ್ಯರೂ ತಮ್ಮ ವಾರ್ಡಿನ ಜನರ ಮುಂದೆ ಸಮರ್ಥಿಸಿಕೊಳ್ಳಲಾರರು.

ಸಾಧ್ಯವಿರುವುದು ಇದು: ಸುಮಾರು 25 ಎಕರೆಯಲ್ಲಿ ಒಂಬತ್ತು ಗುಳಿಗಳ 'ಪಾರ್-3' ಮೈದಾನ ಮತ್ತು ಅದರ ಪಕ್ಕದಲ್ಲಿ ಒಂದು ಡ್ರೈವಿಂಗ್ ರೇಂಜ್. ಪಾರ್-3 ಎಂದರೆ ಪ್ರತಿಯೊಂದು ಗುಳಿಯೂ ಮೂರು ಹೊಡೆತಗಳಲ್ಲಿ ಮುಗಿಯುವಷ್ಟು ಹತ್ತಿರ, ಸುಮಾರು 80ರಿಂದ 150 ಮೀಟರ್ ದೂರದಲ್ಲಿರುತ್ತದೆ. ಆಟ ಒಂದೂವರೆ ಗಂಟೆಯೊಳಗೆ ಮುಗಿಯುವುದರಿಂದ ಅಂಗಡಿ, ಬ್ಯಾಂಕು, ಕಾಲೇಜುಗಳಲ್ಲಿ ದುಡಿಯುವವರು ಬೆಳಿಗ್ಗೆ ಆಡಿ ಕೆಲಸಕ್ಕೆ ಹೋಗಬಹುದು. ರೇಂಜ್ ಎಂದರೆ ಒಂದೇ ಕಡೆ ನಿಂತು ಚೆಂಡು ಹೊಡೆದು ಅಭ್ಯಾಸ ಮಾಡುವ, ಸುತ್ತ ಬಲೆ ಕಟ್ಟಿದ ಬಯಲು. ನಾಲ್ಕೈದು ಎಕರೆ ಸಾಕು. ಚೆಂಡು ಹೊಡೆಯುವ ಕೋಲಾದ 'ಕ್ಲಬ್' ಹಿಡಿದೇ ಗೊತ್ತಿಲ್ಲದ ಊರಿನಲ್ಲಿ ಆಟಗಾರರು ಹುಟ್ಟುವುದು ರೇಂಜ್‌ನಲ್ಲಿಯೇ. ಹಾಗಾಗಿ ಮೊದಲ ವರ್ಷ ರೇಂಜ್ ಮತ್ತು ಮೂರು ಗುಳಿಗಳು, ಬೇಡಿಕೆ ಕಂಡರೆ ಮೂರನೆಯ ವರ್ಷದ ನಂತರ ಉಳಿದ ಆರು ಗುಳಿಗಳು ಎಂಬ ಎರಡು ಹಂತದ ಕ್ರಿಯಾಯೋಜನೆಯನ್ನು ಆರಂಭದಲ್ಲಿಯೇ ಬರೆದಿಡುವುದು ಕ್ಷೇಮ.

ಜಾಗದ ಆಯ್ಕೆ

ಸಂವಿಧಾನದ ಹನ್ನೆರಡನೆಯ ಅನುಸೂಚಿ ಉದ್ಯಾನ ಮತ್ತು ಆಟದ ಮೈದಾನಗಳಂಥ ನಗರ ಸೌಕರ್ಯಗಳನ್ನು ಸ್ಥಳೀಯ ಸಂಸ್ಥೆಗಳ ಕಾರ್ಯಗಳಲ್ಲಿ ಸೇರಿಸಿದೆ. ಆದ್ದರಿಂದ ಪಾಲಿಕೆಗೆ ಇದನ್ನು ಮಾಡುವ ಅಧಿಕಾರವಿದೆಯೇ ಎಂಬ ಪ್ರಶ್ನೆ ದೊಡ್ಡದಲ್ಲ. ಯಾವ ಜಾಗದಲ್ಲಿ ಎಂಬುದೇ ದೊಡ್ಡದು.

ಬಿಡಬೇಕಾದ ಜಾಗಗಳನ್ನು ಮೊದಲು ಗುರುತಿಸಬೇಕು. ಕೆರೆಯಂಗಳವನ್ನು ಮುಟ್ಟಕೂಡದು, ಅದು ಒಣಗಿ ಹತ್ತು ವರ್ಷವಾಗಿದ್ದರೂ ಕೂಡದು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಬೇಲಿ ಹಾಕಿ ಟಿಕೆಟ್ಟಿನ ಮೈದಾನ ಮಾಡುವುದೂ ಸರಿಯಲ್ಲ. ಬೆಂಗಳೂರಿನ ಉದ್ಯಾನವೊಂದರ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರ ಮುದ್ದಪ್ಪ ಪ್ರಕರಣದಲ್ಲಿ ತಳ್ಳಿಹಾಕಿದ್ದು, ಸಾರ್ವಜನಿಕ ತೆರೆದ ಜಾಗ ಯಾರಿಗಾಗಿ ಇರಬೇಕು ಎಂಬುದಕ್ಕೆ ಇಂದಿಗೂ ಮೇಲ್ಪಂಕ್ತಿಯಾಗಿದೆ. ಗೋಮಾಳ ಮತ್ತು ಹುಲ್ಲುಗಾವಲುಗಳ ಬಗ್ಗೆ ನಮ್ಮ ಭಾಗದ ಜನರಿಗೆ ಇರುವ ನೋವನ್ನೂ ಮರೆಯಬಾರದು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಕುರಿಗಾಹಿಗಳಿಂದ ಎದ್ದ ವಿರೋಧ ಹಸಿರು ನ್ಯಾಯಮಂಡಳಿಯ ಬಾಗಿಲಿನವರೆಗೂ ಹೋಯಿತು. ಚಿತ್ರದುರ್ಗದಲ್ಲಿ ಕೋಟೆಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ ಇರುತ್ತದೆ. ಜೋಗಿಮಟ್ಟಿಯ ಕಡೆ ಅರಣ್ಯದ ನಿಯಮಗಳಿವೆ.

ಹಾಗಾದರೆ ಉಳಿಯುವುದು ಯಾವುದು? ಕಲ್ಲು ಅಥವಾ ಮುರಂ ತೆಗೆದು ಬಿಟ್ಟ ಹಳ್ಳತಿಟ್ಟಿನ ಸರ್ಕಾರಿ ಜಮೀನು, ಮುಚ್ಚಿದ ಹಳೆಯ ಕಸ ವಿಲೇವಾರಿ ಜಾಗ, ಕೊಳಚೆ ನೀರು ಶುದ್ಧೀಕರಣ ಘಟಕದ ಸುತ್ತಲಿನ ಬಳಕೆಯಾಗದ ಭೂಮಿ. ಬೇರೆ ಯಾವ ಉಪಯೋಗಕ್ಕೂ ಸುಲಭವಾಗಿ ಬಾರದ ಜಾಗಗಳು ಇವು. ಕಸದ ಗುಡ್ಡೆಯ ಮೇಲೆ ಮಾಡುವುದಾದರೆ ನೆಲ ಹಲವು ವರ್ಷ ಕುಸಿಯುತ್ತಲೇ ಇರುತ್ತದೆ, ಒಳಗಿನಿಂದ ಮೀಥೇನ್ ಹೊರಬರುತ್ತದೆ, ಆಳಕ್ಕೆ ಬೇರಿಳಿಸುವ ಮರಗಳನ್ನು ನೆಡಲಾಗುವುದಿಲ್ಲ. ಈ ಮೂರಕ್ಕೂ ತಜ್ಞರ ವಿನ್ಯಾಸ ಬೇಕು. ನ್ಯೂಯಾರ್ಕ್ ನಗರ ಫೆರ್ರಿ ಪಾಯಿಂಟ್‌ನಲ್ಲಿ ಇಂತಹುದೇ ಹಳೆಯ ಕಸದ ನೆಲದ ಮೇಲೆ ಮೈದಾನ ಮಾಡಲು 10 ಕೋಟಿ ಡಾಲರ್‌ಗೂ ಹೆಚ್ಚು ಸಾರ್ವಜನಿಕ ಹಣ ಸುರಿದು 2015ರಲ್ಲಿ ತೆರೆಯಿತು. ಅಗ್ಗದ ಜಾಗವೆಂದು ಆರಿಸಿಕೊಂಡದ್ದು ಕಟ್ಟುವಾಗ ದುಬಾರಿಯಾಗಬಲ್ಲದು ಎಂಬುದನ್ನು ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರುಗಳು ಗಮನಿಸಬೇಕು.

ಮಣ್ಣಿನ ವಿಷಯದಲ್ಲಿ ಒಂದೇ ಮಾತು: ಎರೆ ಭೂಮಿಗಿಂತ ಕೆಂಪು ಮಣ್ಣಿನ ಇಳಿಜಾರನ್ನು ಆರಿಸಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ; ಗ್ರೀನ್‌ಗಳ ಸಮತಟ್ಟು ಉಳಿಯುವುದಿಲ್ಲ, ನೀರು ಇಂಗದೆ ಎರಡು ದಿನ ಆಟ ನಿಲ್ಲುತ್ತದೆ. ಜಾಗ ಗೊತ್ತಾದ ಮೇಲೆ ಪಹಣಿ, ಸರ್ವೆ ನಕ್ಷೆ, ಹದ್ದುಬಸ್ತು ಮತ್ತು ಮಾಸ್ಟರ್ ಪ್ಲಾನಿನಲ್ಲಿ ಆ ಜಾಗದ ಬಳಕೆಯ ಗುರುತು ಇವಿಷ್ಟನ್ನೂ ಪರಿಶೀಲಿಸಿ, ಭೂಮಿ ಪಾಲಿಕೆಯ ಹೆಸರಿಗೆ ದಾಖಲಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು.

ನೀರಿನ ಲೆಕ್ಕ

ದಾವಣಗೆರೆಯಲ್ಲಿ ಈ ಯೋಜನೆ ಉಳಿಯುವುದೂ ಸಾಯುವುದೂ ನೀರಿನಿಂದ. ಭದ್ರಾ ನಾಲೆಯ ಕೊನೆಭಾಗದ ರೈತರು ಪ್ರತಿ ಬೇಸಿಗೆಯಲ್ಲಿ ನೀರಿಗಾಗಿ ಕಾಯುವ ಊರಿದು. ಕುಂದವಾಡ ಕೆರೆ ತುಂಬಿದೆಯೇ ಎಂದು ನಗರವೆಲ್ಲ ವಿಚಾರಿಸುವ ಊರು. ಇಲ್ಲಿ ನಾಲೆಯ ನೀರನ್ನಾಗಲಿ ಕುಡಿಯುವ ನೀರನ್ನಾಗಲಿ ಆಟದ ಹುಲ್ಲಿಗೆ ಹರಿಸುವುದು ಅನ್ಯಾಯ. ಚಿತ್ರದುರ್ಗ ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಅಂತರ್ಜಲ ಅತಿಬಳಕೆಯಾಗಿರುವುದರಿಂದ ಕೊಳವೆಬಾವಿಯನ್ನೂ ಮೂಲವೆಂದು ಬರೆದುಕೊಳ್ಳಬಾರದು.

ಎಷ್ಟು ನೀರು ಬೇಕೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಸುಮಾರು 4,047 ಲೀಟರ್ ಆಗುತ್ತದೆ. ನಮ್ಮ ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ಬೇಕೆಂದು ಇಟ್ಟುಕೊಂಡರೆ ಎಕರೆಗೆ ಸುಮಾರು 20,000 ಲೀಟರ್. ಇಡೀ 25 ಎಕರೆಯನ್ನು ಹಸಿರಾಗಿ ಇಡಲು ಹೊರಟರೆ ದಿನಕ್ಕೆ 5 ಲಕ್ಷ ಲೀಟರ್ ಬೇಕು. ತಲಾ 135 ಲೀಟರ್ ಎಂಬ ನಗರ ನೀರು ಸರಬರಾಜಿನ ಮಾನದಂಡದಂತೆ ಇದು ಸುಮಾರು 3,700 ಜನರ ದಿನದ ನೀರು. ಈ ಒಂದು ಸಂಖ್ಯೆಯೇ ಸಾಮಾನ್ಯ ಸಭೆಯಲ್ಲಿ ಯೋಜನೆಯನ್ನು ಮುಗಿಸಿಬಿಡುತ್ತದೆ, ಮುಗಿಸಬೇಕು ಕೂಡ.

ಆದ್ದರಿಂದ ನೀರುಣಿಸುವ ವಿಸ್ತೀರ್ಣವನ್ನೇ ಕಡಿಮೆ ಮಾಡಬೇಕು. ಗ್ರೀನ್‌ಗಳು, ಆಟ ಆರಂಭಿಸುವ ಟೀ ಕಟ್ಟೆಗಳು ಮತ್ತು ಚೆಂಡು ಬೀಳುವ ಕೆಲವು ಪಟ್ಟಿಗಳು ಸೇರಿ 6 ಎಕರೆಗೆ ಮಾತ್ರ ನೀರು ಕೊಟ್ಟರೆ ದಿನದ ಬೇಡಿಕೆ ಸುಮಾರು 1.2 ಲಕ್ಷ ಲೀಟರಿಗೆ ಇಳಿಯುತ್ತದೆ. ಉಳಿದ 19 ಎಕರೆಯಲ್ಲಿ ಮಳೆಯ ಗರಿಕೆ, ಸ್ಥಳೀಯ ಹುಲ್ಲು ಮತ್ತು ಮರಗಳು ಇರಲಿ. ಮಾರ್ಚಿನಿಂದ ಮೇವರೆಗೆ ಅವು ಕಂದುಬಣ್ಣಕ್ಕೆ ತಿರುಗಿ ಮುಂಗಾರಿನಲ್ಲಿ ಮತ್ತೆ ಚಿಗುರಲಿ. ಗಣಪತಿಗೆ ಏರಿಸುವ ನಮ್ಮ ಗರಿಕೆಯೂ, ಬಿಸಿ ಪ್ರದೇಶದ ಗಾಲ್ಫ್ ಮೈದಾನಗಳಲ್ಲಿ 'ಬರ್ಮುಡಾ' ಎಂದು ಹೇಳಿ ಬೆಳೆಸುವ ಹುಲ್ಲೂ ಒಂದೇ ಜಾತಿಯ ಸಸ್ಯ. ಒಣಗಿದಂತೆ ಕಂಡರೂ ಬೇರು ಜೀವ ಹಿಡಿದಿರುತ್ತದೆ. ಗ್ರೀನ್‌ಗಳಿಗೂ ನೀರು ಸಾಲದಿದ್ದರೆ ಮರಳಿನ 'ಬ್ರೌನ್'ಗಳನ್ನು ಮಾಡಬಹುದು. ಕೋಲಾರದ ಚಿನ್ನದ ಗಣಿ ಪ್ರದೇಶದವರು ಹಾಗೆಯೇ ಆಡಿದವರು. ಹಳೆಯ ಕಾಲದಲ್ಲಿ ಮರಳು ಹಾರದಂತೆ ಎಣ್ಣೆ ಬೆರೆಸುತ್ತಿದ್ದ ಪದ್ಧತಿಯನ್ನು ಮಾತ್ರ ಅನುಸರಿಸಬಾರದು, ಏಕೆಂದರೆ ಅದು ಮಣ್ಣನ್ನು ಕೆಡಿಸುತ್ತದೆ.

ಈ 1.2 ಲಕ್ಷ ಲೀಟರಿಗೆ ಮೂಲ ಎರಡು. ಮೊದಲನೆಯದು ಶುದ್ಧೀಕರಿಸಿದ ಕೊಳಚೆ ನೀರು. ಇದನ್ನು ಬಳಸುವ ಮೊದಲು ಲವಣಾಂಶ ಮತ್ತು ಸೋಡಿಯಂ ಪ್ರಮಾಣವನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಕೊಳವೆಗಳಿಗೆ ಪ್ರತ್ಯೇಕ ಬಣ್ಣ ಬಳಿದು, ಕುಡಿಯಬಾರದೆಂಬ ಫಲಕ ಹಾಕಿ, ಆಟಗಾರರಿಲ್ಲದ ರಾತ್ರಿಯ ಹೊತ್ತಿನಲ್ಲಿ ಮಾತ್ರ ಬಿಡಬೇಕು. ಎರಡನೆಯದು ಮಳೆನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದು ಹಿಡಿದರೆ 25 ಎಕರೆಯ ಮೇಲೆ ಬೀಳುವ ನೀರು 6 ಕೋಟಿ ಲೀಟರ್. ಅದರ ಹತ್ತನೆಯ ಒಂದು ಭಾಗ ಹೊಂಡಕ್ಕೆ ಬಂದರೂ 60 ಲಕ್ಷ ಲೀಟರ್, ಆವಿಯಾಗುವುದನ್ನು ಬಿಟ್ಟರೆ ಐವತ್ತು ದಿನಗಳ ನೀರು. ಮೂರು ಮೀಟರ್ ಆಳದ, ಅರ್ಧ ಎಕರೆಯ ಹೊಂಡ ಇದಕ್ಕೆ ಸಾಕು. ಆ ಹೊಂಡವನ್ನೇ ಆಟದ ಅಡ್ಡಿಯಾಗಿಯೂ ವಿನ್ಯಾಸದಲ್ಲಿ ಸೇರಿಸಿಕೊಳ್ಳಬಹುದು.

ಕಟ್ಟುವ ಮೊದಲೇ ವರ್ಷದ ಖರ್ಚು ಮತ್ತು ಆದಾಯ

ಈ ಹಂತದಲ್ಲಿ ಪಾಲಿಕೆಯ ಲೆಕ್ಕ ಶಾಖೆಯನ್ನು ಕೂರಿಸಿಕೊಂಡು ಒಂದು ಪಟ್ಟಿ ಬರೆಯಬೇಕು. ಕೆಳಗಿನದು ವಿಧಾನವನ್ನು ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು. ಊರಿನ ಕೂಲಿ ದರ ಮತ್ತು ಬೆಲೆಗಳಿಗೆ ತಕ್ಕಂತೆ ಇವನ್ನು ಬದಲಿಸಿಕೊಳ್ಳಬೇಕು.

ಒಬ್ಬ ವ್ಯವಸ್ಥಾಪಕ, ಒಬ್ಬ ಮೈದಾನ ಮೇಲ್ವಿಚಾರಕ, ಎಂಟು ಮಂದಿ ಮೈದಾನದ ಕೆಲಸಗಾರರು, ಟಿಕೆಟ್ ಕೌಂಟರಿಗೆ ಇಬ್ಬರು, ಕಾವಲಿಗೆ ಮೂವರು, ಒಬ್ಬ ತರಬೇತುದಾರ ಹೀಗೆ ಒಟ್ಟು 16 ಜನರಿಗೆ ಭವಿಷ್ಯನಿಧಿ ಮತ್ತು ಇಎಸ್‌ಐ ಸೇರಿ ತಿಂಗಳಿಗೆ ತಲಾ ಸರಾಸರಿ 20,000 ರೂಪಾಯಿ ಎಂದರೆ ವರ್ಷಕ್ಕೆ 38.4 ಲಕ್ಷ. ವಿದ್ಯುತ್ತಿಗೆ 8 ಲಕ್ಷ, ನೀರಿನ ಪರೀಕ್ಷೆ ಮತ್ತು ಪಂಪಿಂಗ್‌ಗೆ 5 ಲಕ್ಷ, ಯಂತ್ರಗಳ ಇಂಧನ ಮತ್ತು ದುರಸ್ತಿಗೆ 7 ಲಕ್ಷ, ಗೊಬ್ಬರ, ಮರಳು, ಬೀಜಕ್ಕೆ 5 ಲಕ್ಷ, ವಿಮೆ ಮತ್ತು ಕಚೇರಿ ಖರ್ಚಿಗೆ 4 ಲಕ್ಷ. ಇದರ ಮೇಲೆ, ಹುಲ್ಲು ಕತ್ತರಿಸುವ ಯಂತ್ರ ಮತ್ತು ಪಂಪುಗಳು ಸವೆದಾಗ ಹೊಸದನ್ನು ಕೊಳ್ಳಲು ವರ್ಷಕ್ಕೆ 8 ಲಕ್ಷ ರೂಪಾಯಿಯನ್ನು ಪ್ರತ್ಯೇಕ ನಿಧಿಗೆ ಹಾಕಬೇಕು. ಒಟ್ಟು 75.4 ಲಕ್ಷ ರೂಪಾಯಿ. ಈ ಕೊನೆಯ ಬಾಬನ್ನು ಕೈಬಿಡುವಂತೆ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬಾರದು. ಬದಲಿ ನಿಧಿ ಇಲ್ಲದ ಮೈದಾನದಲ್ಲಿ ಏಳೆಂಟು ವರ್ಷದಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ, ಆಗ ಪಾಲಿಕೆ ಮತ್ತೆ ಅನುದಾನಕ್ಕಾಗಿ ಕಾಯಬೇಕಾಗುತ್ತದೆ.

ಆದಾಯದ ಕಡೆ ಬರೋಣ. ವರ್ಷದಲ್ಲಿ 300 ದಿನ ತೆರೆದಿರುತ್ತದೆ, ಅದರಲ್ಲಿ 210 ವಾರದ ದಿನಗಳು, 90 ರಜಾದಿನಗಳು ಎಂದುಕೊಳ್ಳಿ. ವಾರದ ದಿನ 30 ಆಟಗಾರರು ತಲಾ 200 ರೂಪಾಯಿ, ರಜಾದಿನ 70 ಆಟಗಾರರು ತಲಾ 350 ರೂಪಾಯಿ ಕೊಟ್ಟರೆ 34.65 ಲಕ್ಷ. ರೇಂಜ್‌ನಲ್ಲಿ ದಿನಕ್ಕೆ 40 ಬುಟ್ಟಿ ಚೆಂಡು, ಬುಟ್ಟಿಗೆ 100 ರೂಪಾಯಿಯಂತೆ 12 ಲಕ್ಷ. ತರಬೇತಿ ಶಿಬಿರದಿಂದ 4, ಉಪಾಹಾರ ಗೃಹದ ಬಾಡಿಗೆಯಿಂದ 6, ಪಂದ್ಯಾವಳಿ ಮತ್ತು ಪ್ರಾಯೋಜಕರಿಂದ 6 ಲಕ್ಷ. ಎಲ್ಲ ಸೇರಿ 62.65 ಲಕ್ಷ. ಕೊರತೆ 12.75 ಲಕ್ಷ ರೂಪಾಯಿ.

ಆಟಗಾರರು ನಿರೀಕ್ಷೆಯ ಅರ್ಧದಷ್ಟೇ ಬಂದರೆ ಆಟ ಮತ್ತು ರೇಂಜ್‌ನ ಆದಾಯ 23 ಲಕ್ಷಕ್ಕೆ ಇಳಿದು ಕೊರತೆ 36 ಲಕ್ಷ ದಾಟುತ್ತದೆ. ಹೊಸ ಆಟಕ್ಕೆ ಮೊದಲೆರಡು ವರ್ಷ ಇದೇ ಹೆಚ್ಚು ಸಂಭವನೀಯ. ಸಾಮಾನ್ಯ ಸಭೆಯ ಮುಂದೆ ಈ ಎರಡೂ ಚಿತ್ರಗಳನ್ನು ಇಡಬೇಕು, ಆಶಾದಾಯಕ ಚಿತ್ರವೊಂದನ್ನೇ ಇಡಬಾರದು. ಟಿಕೆಟ್ ಇಲ್ಲದ ಉದ್ಯಾನಗಳಿಗೂ ಪಾಲಿಕೆ ಪ್ರತಿ ವರ್ಷ ಖರ್ಚು ಮಾಡುತ್ತದೆ, ಆದ್ದರಿಂದ ಕೊರತೆ ಇರುವುದೇ ತಪ್ಪಲ್ಲ. ಎಷ್ಟು ಕೊರತೆಯನ್ನು, ಎಷ್ಟು ವರ್ಷದವರೆಗೆ, ಯಾವ ಲೆಕ್ಕಶೀರ್ಷಿಕೆಯಿಂದ ತುಂಬುತ್ತೇವೆ ಎಂಬುದನ್ನು ತಿಳಿದೇ ಒಪ್ಪಿರಬೇಕು. ಟಿಕೆಟ್ಟಿನ ಮೇಲೆ ಜಿಎಸ್‌ಟಿ ಅನ್ವಯದ ಬಗ್ಗೆ ತೆರಿಗೆ ಸಲಹೆಗಾರರಿಂದ ಲಿಖಿತ ಅಭಿಪ್ರಾಯ ಪಡೆದ ನಂತರವೇ ದರ ನಿಗದಿಯಾಗಲಿ.

ಬಂಡವಾಳ ಹೊಂದಿಸುವುದು

ವರ್ಷದ ಕೊರತೆಗೆ ದಾರಿ ಕಂಡ ಮೇಲೆ ಕಟ್ಟುವ ಹಣದ ವಿಚಾರ. ಹಣಕಾಸು ಆಯೋಗದ ಅನುದಾನದ ದೊಡ್ಡ ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿದೆ. ಉಳಿದುದರ ಮೇಲೆ ರಸ್ತೆ, ಚರಂಡಿ, ಬೀದಿದೀಪಗಳ ಹಕ್ಕು ಮೊದಲು. ಅದನ್ನು ಇತ್ತ ತಿರುಗಿಸುವ ಆಸೆ ಬೇಡ. ಆದರೆ ಶುದ್ಧೀಕರಿಸಿದ ನೀರನ್ನು ಮರುಬಳಕೆ ಮಾಡುವ ಕೊಳವೆಮಾರ್ಗ ನೀರಿನ ಯೋಜನೆಯ ಭಾಗವಾಗಿಯೇ ಬರಬಹುದು, ಏಕೆಂದರೆ ಅದರಿಂದ ನಗರದ ಉದ್ಯಾನಗಳಿಗೂ ಕೈಗಾರಿಕೆಗಳಿಗೂ ಉಪಯೋಗವಿದೆ.

ಸಾಲ ಬೇಡವೆಂಬುದೇ ನನ್ನ ಸಲಹೆ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ನಗರ ಬಾಂಡ್ ಹೊರಡಿಸಿತು, ಅಹಮದಾಬಾದ್ 1998ರಲ್ಲಿ ಸರ್ಕಾರದ ಖಾತರಿಯಿಲ್ಲದೆ ಹೊರಡಿಸಿತು. ಆದರೆ ಬಾಂಡಿನ ಬಡ್ಡಿ ತೀರಿಸಲು ಪ್ರತಿ ತಿಂಗಳು ಖಚಿತವಾಗಿ ಬರುವ ಆದಾಯ ಬೇಕು. ಮಳೆಗೂ ಬಿಸಿಲಿಗೂ ಏರುಪೇರಾಗುವ ಆಟದ ಟಿಕೆಟ್ಟು ಅಂತಹ ಆದಾಯವಲ್ಲ. ಆಸ್ತಿ ತೆರಿಗೆಯನ್ನು ಒತ್ತೆಯಿಟ್ಟು ಗಾಲ್ಫ್ ಮೈದಾನ ಕಟ್ಟುವುದನ್ನು ತೆರಿಗೆದಾರರು ಕ್ಷಮಿಸುವುದಿಲ್ಲ.

ಉಳಿಯುವ ಮಾರ್ಗಗಳಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಒಂದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿ ಗ್ರಾಮೀಣ, ರಾಷ್ಟ್ರಮನ್ನಣೆಯ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಆ ನಿಧಿಯನ್ನು ಬಳಸಲು ಅವಕಾಶ ಕೊಟ್ಟಿದೆ, ಮತ್ತು ಗಾಲ್ಫ್ 2016ರ ರಿಯೊ ಕ್ರೀಡಾಕೂಟದಿಂದ ಮತ್ತೆ ಒಲಿಂಪಿಕ್ ಕ್ರೀಡೆಯಾಗಿದೆ. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದ ನಂತರ ಈ ಮಾತನ್ನು ಉದ್ಯಮಿಗಳ ಮುಂದೆ ಇಡುವುದು ಸುಲಭವಾಗಿದೆ. ಅನುಸೂಚಿಯಲ್ಲಿ ಇರುವುದು ತರಬೇತಿ ಎಂಬುದನ್ನು ಗಮನಿಸಿ, ಮನವಿಯನ್ನು ಸರ್ಕಾರಿ ಶಾಲಾ ಮಕ್ಕಳ ತರಬೇತಿ, ಕ್ಲಬ್ ಮತ್ತು ಚೆಂಡುಗಳು, ತರಬೇತುದಾರನ ವೇತನ ಇವುಗಳಿಗೆ ಸಿದ್ಧಪಡಿಸಬೇಕು. ದಾವಣಗೆರೆ, ಹರಿಹರಗಳ ಉದ್ಯಮಗಳು ಒಂದೊಂದು ಗುಳಿಯನ್ನು ಮೂರು ವರ್ಷಕ್ಕೆ ಪ್ರಾಯೋಜಿಸುವಂತೆ ಕೇಳುವುದೂ ಸಾಧ್ಯ.

ಬಹಳ ಆಕರ್ಷಕವಾಗಿ ಕಾಣುವ, ಆದರೆ ಖಂಡಿತ ಬೇಡವಾದ ಮಾರ್ಗವೊಂದಿದೆ: ಆಜೀವ ಸದಸ್ಯತ್ವ ಮಾರಿ ಹಣ ಎತ್ತುವುದು. ಇನ್ನೂರು ಜನರಿಂದ ತಲಾ ಎರಡು ಲಕ್ಷ ಪಡೆದರೆ 4 ಕೋಟಿ ಕೈಗೆ ಬರುತ್ತದೆ, ನಿಜ. ಆ ದಿನದಿಂದ ಆ ಇನ್ನೂರು ಜನ ಬೆಳಗಿನ ಒಳ್ಳೆಯ ಹೊತ್ತನ್ನೆಲ್ಲ ತಮ್ಮದೆಂದು ಕೇಳುತ್ತಾರೆ, ಸಮಿತಿಯಲ್ಲಿ ಸ್ಥಾನ ಕೇಳುತ್ತಾರೆ, ಮೂವತ್ತು ವರ್ಷ ವಾರ್ಷಿಕ ಶುಲ್ಕವಿಲ್ಲದೆ ಆಡುತ್ತಾರೆ. ಸಾರ್ವಜನಿಕ ಭೂಮಿ ಸದ್ದಿಲ್ಲದೆ ಕ್ಲಬ್ ಆಗುವುದು ಹೀಗೆಯೇ. ಒಂದು ವರ್ಷದ ಪಾಸ್ ಕೊಡಬಹುದು, ಅದಕ್ಕಿಂತ ದೀರ್ಘವಾದದ್ದನ್ನು ಮಾರಬಾರದು.

ಪ್ರತ್ಯೇಕ ಖಾತೆ, ಪ್ರತ್ಯೇಕ ಲೆಕ್ಕ

ಅಮೆರಿಕದ ಹಲವು ನಗರಗಳು ಗಾಲ್ಫ್ ಮೈದಾನಗಳ ಆದಾಯ ಮತ್ತು ಖರ್ಚನ್ನು ಸಾಮಾನ್ಯ ನಿಧಿಯಿಂದ ಬೇರ್ಪಡಿಸಿ ಉದ್ಯಮ ನಿಧಿಯೆಂಬ ಪ್ರತ್ಯೇಕ ಲೆಕ್ಕದಲ್ಲಿ ಇಡುತ್ತವೆ. ನಮ್ಮ ಪಾಲಿಕೆಗಳಲ್ಲಿಯೂ ಜೋಡಿ ನಮೂದು ಪದ್ಧತಿ ಬಂದಿರುವುದರಿಂದ ಇದು ಕಷ್ಟವಲ್ಲ. ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಲೆಕ್ಕಶೀರ್ಷಿಕೆ, ತಿಂಗಳಿಗೊಂದು ಜಮಾ ಖರ್ಚಿನ ಪಟ್ಟಿ, ವರ್ಷಕ್ಕೊಂದು ಲೆಕ್ಕಪರಿಶೋಧನೆ. ಪಾಲಿಕೆ ಕೊರತೆ ತುಂಬುವ ಹಣ 'ಸಹಾಯಧನ' ಎಂದೇ ಕಾಣಿಸಬೇಕು. ಬೇರೆ ಶಾಖೆಯ ಸಿಬ್ಬಂದಿಯನ್ನು ಇಲ್ಲಿ ದುಡಿಸಿಕೊಂಡರೆ ಅವರ ವೇತನವೂ ಇಲ್ಲಿಯೇ ಬರಬೇಕು. ಮೈದಾನದಲ್ಲಿ ಮಿಗತೆ ಬಂದರೆ ಮೊದಲ ಐದು ವರ್ಷ ಅದು ಬದಲಿ ನಿಧಿಗೇ ಹೋಗಲಿ.

ಯಾರು ನಡೆಸಬೇಕು

ಮೂರು ದಾರಿಗಳಿವೆ: ಪಾಲಿಕೆಯ ತೋಟಗಾರಿಕೆ ಅಥವಾ ಎಂಜಿನಿಯರಿಂಗ್ ಶಾಖೆ ನೇರವಾಗಿ ನಡೆಸುವುದು, ಖಾಸಗಿ ಸಂಸ್ಥೆಗೆ ಗುತ್ತಿಗೆ ಕೊಡುವುದು, ಪಾಲಿಕೆಯೇ ರಚಿಸಿದ ಪ್ರತ್ಯೇಕ ಟ್ರಸ್ಟಿಗೆ ವಹಿಸುವುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 1974ರ ಸಂಸತ್ ಕಾಯ್ದೆಯ ಮೂಲಕ ರಚನೆಯಾದ ಟ್ರಸ್ಟ್ ಅಲ್ಲಿನ ಸಾರ್ವಜನಿಕ ಮೈದಾನಗಳನ್ನು ನಡೆಸುತ್ತಿದೆ. ಜಗತ್ತಿನ ಅತ್ಯಂತ ಪ್ರಸಿದ್ಧ ಮೈದಾನವಾದ ಓಲ್ಡ್ ಕೋರ್ಸ್ ಅಲ್ಲಿ ಭಾನುವಾರ ಸಾಮಾನ್ಯವಾಗಿ ಆಟಕ್ಕೆ ಮುಚ್ಚಿರುತ್ತದೆ, ಊರಿನವರು ಮಕ್ಕಳೊಂದಿಗೆ ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ದಾವಣಗೆರೆಯ ಮಟ್ಟದಲ್ಲಿ ನಾನು ಸೂಚಿಸುವುದು ಮಿಶ್ರ ವ್ಯವಸ್ಥೆ. ಭೂಮಿ, ದರ ನಿಗದಿ, ಬುಕಿಂಗ್ ಮತ್ತು ಹಣ ಸಂಗ್ರಹ ಪಾಲಿಕೆಯ ಕೈಯಲ್ಲಿರಲಿ. ಹುಲ್ಲು ಮತ್ತು ಯಂತ್ರಗಳ ನಿರ್ವಹಣೆಯನ್ನು ಮಾತ್ರ ಅನುಭವಿ ಸಂಸ್ಥೆಗೆ ಮೂರರಿಂದ ಐದು ವರ್ಷದ ಗುತ್ತಿಗೆ ಕೊಡಲಿ. ಆಯುಕ್ತರ ಅಧ್ಯಕ್ಷತೆಯಲ್ಲಿ ಏಳು ಜನರ ಸಮಿತಿಯಿದ್ದು, ಅದರಲ್ಲಿ ಇಬ್ಬರು ಪಾಲಿಕೆ ಸದಸ್ಯರು, ಲೆಕ್ಕಾಧಿಕಾರಿ, ಕ್ರೀಡಾ ಇಲಾಖೆಯವರು, ಶಾಲಾ ಶಿಕ್ಷಕರೊಬ್ಬರು, ಸುತ್ತಲಿನ ವಾರ್ಡಿನ ನಿವಾಸಿಯೊಬ್ಬರು ಇರಲಿ. ಟೆಂಡರ್ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ನಡೆಯಬೇಕು. ಭೂಮಿಯನ್ನೇ ದೀರ್ಘಾವಧಿಗೆ ಗುತ್ತಿಗೆ ಕೊಡುವ ಆಲೋಚನೆ ಬಂದರೆ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ, 1976ರ ಆಸ್ತಿ ವಿಲೇವಾರಿಯ ನಿಯಮಗಳನ್ನು ಕಾನೂನು ಶಾಖೆಯಿಂದ ಮೊದಲು ಪರಿಶೀಲಿಸಿಕೊಳ್ಳಬೇಕು. ಚಿತ್ರದುರ್ಗ ನಗರಸಭೆಗಾದರೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ.

ಕರಾರಿನಲ್ಲಿ ಕೆಲವು ಮಾತುಗಳು ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು. ಗುತ್ತಿಗೆದಾರನು ಒಳಗುತ್ತಿಗೆ ಕೊಡಬಾರದು. ಕೆಲಸಗಾರರ ವೇತನ ಬ್ಯಾಂಕ್ ಖಾತೆಗೇ ಜಮೆಯಾಗಬೇಕು, ಭವಿಷ್ಯನಿಧಿಯ ರಸೀದಿ ಇಲ್ಲದೆ ಆ ತಿಂಗಳ ಬಿಲ್ ಪಾವತಿಯಾಗಬಾರದು. ಯಂತ್ರಗಳ ಪಟ್ಟಿ, ಅವುಗಳ ಸ್ಥಿತಿ ಮತ್ತು ಹಿಂತಿರುಗಿಸುವಾಗ ಇರಬೇಕಾದ ಸ್ಥಿತಿ ಅನುಬಂಧದಲ್ಲಿರಬೇಕು. ಕೀಟನಾಶಕ ಬಳಸಿದ ದಿನ, ಹೆಸರು, ಪ್ರಮಾಣ ದಾಖಲಾಗಬೇಕು. ಉಪಾಹಾರ ಗೃಹ ಬೇರೆ ಟೆಂಡರಿನಲ್ಲಿರಲಿ, ಅದಕ್ಕೆ ಮದ್ಯದ ಪರವಾನಗಿ ಬೇಡ.

ಮದುವೆಯ ಆರತಕ್ಷತೆಗೆ, ವಸ್ತುಪ್ರದರ್ಶನಕ್ಕೆ, ಸಮಾವೇಶಕ್ಕೆ ಮೈದಾನ ಕೊಡಿ ಎಂಬ ಒತ್ತಡ ಬಂದೇ ಬರುತ್ತದೆ, ಅದರಿಂದ ಒಂದೇ ದಿನದಲ್ಲಿ ದೊಡ್ಡ ಬಾಡಿಗೆಯೂ ಸಿಗುತ್ತದೆ. ಆದರೆ ಪೆಂಡಾಲಿನ ಗೂಟ ಮತ್ತು ಲಾರಿಯ ಚಕ್ರ ನೆಲದೊಳಗಿನ ನೀರಿನ ಕೊಳವೆಗಳನ್ನು ಒಡೆದು, ಮಣ್ಣನ್ನು ಗಟ್ಟಿಯಾಗಿಸಿ, ಆರು ತಿಂಗಳ ಕೆಲಸವನ್ನು ಹಾಳುಮಾಡುತ್ತವೆ. ಇದಕ್ಕೆ ಅವಕಾಶವಿಲ್ಲವೆಂದು ಮೂಲ ಠರಾವಿನಲ್ಲಿಯೇ ಬರೆದಿದ್ದರೆ ಮುಂದೆ ಬರುವ ಅಧಿಕಾರಿಗೆ ಇಲ್ಲವೆನ್ನಲು ಆಧಾರವಿರುತ್ತದೆ.

ದರ ಮತ್ತು ಸಮಯ ಹಂಚಿಕೆ

ಹತ್ತು ನಿಮಿಷಕ್ಕೊಂದು ತಂಡ, ತಂಡದಲ್ಲಿ ನಾಲ್ವರು ಎಂಬ ಲೆಕ್ಕದಲ್ಲಿ ಗಂಟೆಗೆ 24 ಜನರನ್ನು ಮೈದಾನಕ್ಕೆ ಬಿಡಬಹುದು. ನಮ್ಮ ಬಿಸಿಲಿನಲ್ಲಿ ಬೇಡಿಕೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ. ಆದ್ದರಿಂದ ಮಧ್ಯಾಹ್ನ ಕಡಿಮೆ ದರ, ರಜಾದಿನದ ಬೆಳಿಗ್ಗೆ ಹೆಚ್ಚಿನ ದರ ಇರಲಿ. ನಗರದ 45 ವಾರ್ಡುಗಳ ನಿವಾಸಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ವಾರದಲ್ಲಿ ಎರಡು ಸಂಜೆ ಸರ್ಕಾರಿ ಶಾಲಾ ಮಕ್ಕಳಿಗೆ ರೇಂಜ್ ಉಚಿತವಾಗಿರಲಿ, ಕ್ಲಬ್‌ಗಳನ್ನು ಮೈದಾನವೇ ಕೊಡಲಿ, ಏಕೆಂದರೆ ಈ ಆಟ ಬಡವರಿಂದ ದೂರವಾಗುವುದು ಟಿಕೆಟ್ಟಿಗಿಂತ ಹೆಚ್ಚಾಗಿ ಸಾಮಗ್ರಿಯ ಬೆಲೆಯಿಂದ. ಬಿಡದಿಯ ಕಡೆಯ ಎಸ್. ಚಿಕ್ಕರಂಗಪ್ಪ ತನ್ನೂರ ಪಕ್ಕದಲ್ಲೊಂದು ಮೈದಾನವಿದ್ದ ಕಾರಣ ವೃತ್ತಿಪರ ಗಾಲ್ಫ್ ಆಟಗಾರನಾದ. ಅಂತಹ ಅವಕಾಶವನ್ನು ಆಕಸ್ಮಿಕಕ್ಕೆ ಬಿಡದೆ ವ್ಯವಸ್ಥೆಯಾಗಿ ಮಾಡುವುದು ಸಾರ್ವಜನಿಕ ಮೈದಾನದ ಕರ್ತವ್ಯ.

ಆಡದವರಿಗೂ ಇದರಲ್ಲಿ ಪಾಲಿರಬೇಕು. ಬಲೆಯ ಹೊರಗೆ ಇಡೀ ಮೈದಾನವನ್ನು ಸುತ್ತುವ ನಡಿಗೆ ಪಥ ಸದಾ ತೆರೆದಿರಲಿ. ನಿರ್ವಹಣೆಗಾಗಿ ಮುಚ್ಚುವ ವಾರದ ಒಂದು ದಿನ, ಕೆಲಸ ಮುಗಿದ ನಂತರ ಸಂಜೆ ನಾಲ್ಕರಿಂದ, ಒಳಗಿನ ಹುಲ್ಲಿನ ಮೇಲೂ ಜನ ಓಡಾಡಲಿ. ಗ್ರೀನ್‌ಗಳಿಗೆ ಮಾತ್ರ ಹಗ್ಗ ಕಟ್ಟಿದರೆ ಸಾಕು.

ದಿನನಿತ್ಯದ ಕೆಲಸ

ಗ್ರೀನ್‌ಗಳನ್ನು 4 ಮಿಲಿಮೀಟರ್ ಆಸುಪಾಸಿಗೆ ಪ್ರತಿದಿನ, ಫೇರ್‌ವೇ ಎಂಬ, ಚೆಂಡು ಬೀಳುವ ಪಟ್ಟಿಗಳನ್ನು 15 ಮಿಲಿಮೀಟರಿಗೆ ವಾರಕ್ಕೆರಡು ಬಾರಿ ಕತ್ತರಿಸಬೇಕು. ಗ್ರೀನ್ ಕತ್ತರಿಸುವ ಸುರುಳಿ ಅಲಗಿನ ಯಂತ್ರ ಸಾಮಾನ್ಯ ಉದ್ಯಾನದ ಯಂತ್ರದಂತಲ್ಲ, ಅಲಗು ಮೊಂಡಾದರೆ ಹುಲ್ಲು ಹರಿದು ತುದಿ ಬೆಳ್ಳಗಾಗಿ ರೋಗ ಹಿಡಿಯುತ್ತದೆ. ಸಾಣೆ ಹಿಡಿಯಬಲ್ಲ ಒಬ್ಬರನ್ನಾದರೂ ಊರಿನಲ್ಲೇ ತಯಾರು ಮಾಡಿ, ಒಂದು ಬಿಡಿ ಯಂತ್ರವನ್ನು ಇಟ್ಟುಕೊಳ್ಳಬೇಕು. ಗುಳಿಯ ಸ್ಥಾನವನ್ನು ಒಂದೆರಡು ದಿನಕ್ಕೊಮ್ಮೆ ಬದಲಿಸದಿದ್ದರೆ ಸುತ್ತಲಿನ ಹುಲ್ಲು ತುಳಿತಕ್ಕೆ ಸಿಕ್ಕಿ ಸವೆಯುತ್ತದೆ. ಗ್ರೀನ್‌ನ ತಳದಲ್ಲಿ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳಿನ ಪದರ ಇರುವುದು ಅಂಗೀಕೃತ ವಿನ್ಯಾಸ. ಕಟ್ಟುವಾಗ ಇದರಲ್ಲಿ ಉಳಿತಾಯ ಮಾಡಿದರೆ ಮೊದಲ ಮುಂಗಾರಿನಲ್ಲೇ ಗೊತ್ತಾಗುತ್ತದೆ. ಕೀಟನಾಶಕ ಮುಟ್ಟದ ಹೊರ ಅಂಚಿನ ಹುಲ್ಲನ್ನು ಕೊಯ್ದು ಸುತ್ತಲಿನ ದನಕುರಿ ಸಾಕುವವರಿಗೆ ಕೊಡಬಹುದು, ಗ್ರೀನ್‌ಗಳ ಹುಲ್ಲನ್ನು ಮೇವಿಗೆ ಎಂದಿಗೂ ಕೊಡಬಾರದು.

ಮೂರನೆಯ ವರ್ಷದ ಪರಾಮರ್ಶೆ

ಮೂಲ ಠರಾವಿನಲ್ಲಿಯೇ ನಿಲ್ಲಿಸುವ ಷರತ್ತನ್ನೂ ಬರೆಯಬೇಕು. ಮೂರನೆಯ ವರ್ಷದ ಕೊನೆಗೆ ಸಮಿತಿ ನಾಲ್ಕು ಅಂಕಿಗಳನ್ನು ಸಾಮಾನ್ಯ ಸಭೆಗೆ ಒಪ್ಪಿಸಲಿ: ವರ್ಷದ ಒಟ್ಟು ಆಟಗಳು, ಅದರಲ್ಲಿ ಬೇರೆಬೇರೆ ವ್ಯಕ್ತಿಗಳು ಎಷ್ಟು, ಪಾಲಿಕೆ ಕೊಟ್ಟ ಸಹಾಯಧನ, ಬಳಸಿದ ನೀರು. ಇನ್ನೂರು ಜನರೇ ಮತ್ತೆಮತ್ತೆ ಆಡುತ್ತಿದ್ದರೆ ಟಿಕೆಟ್ ಎಷ್ಟೇ ಮಾರಾಟವಾಗಿದ್ದರೂ ಅದು ಸಾರ್ವಜನಿಕ ಮೈದಾನವಾಗಿಲ್ಲ ಎಂದೇ ತಿಳಿಯಬೇಕು. ಸಹಾಯಧನ ಸಭೆ ಒಪ್ಪಿದ ಮಿತಿಯನ್ನು ಸತತ ಎರಡು ವರ್ಷ ಮೀರಿದರೆ ಉಳಿದ ಆರು ಗುಳಿಗಳ ಎರಡನೆಯ ಹಂತ ರದ್ದಾಗಲಿ, ರೇಂಜ್ ಮಾತ್ರ ತರಬೇತಿ ಕೇಂದ್ರವಾಗಿ ಮುಂದುವರಿಯಲಿ, ಯಂತ್ರಗಳು ಹರಾಜಾಗಲಿ, ಉಳಿದ ಭೂಮಿ ನಡಿಗೆ ಪಥ, ಹೊಂಡ ಮತ್ತು ಮರಗಳ ಸಮೇತ ಟಿಕೆಟ್ ಇಲ್ಲದ ಉದ್ಯಾನವಾಗಿ ಪಾಲಿಕೆಯ ಹೆಸರಿನಲ್ಲಿಯೇ ಉಳಿಯಲಿ.